ಬಾಳೆನಾರು ಮತ್ತು ನಿಮ್ಮ ತಾತ ಹಾಕಿಸಿದ ಹಲ್ಲು

ಆ ಬೆಳಿಗ್ಗೆ ನಾನು ತಿನ್ನುತ್ತಿದ್ದದ್ದು ಗಟ್ಟಿ ತಿಂಡಿಯೇನೂ ಅಲ್ಲ. ನೆನೆಸಿದ ಅವಲಕ್ಕಿಗೆ ಕಾಯಿತುರಿ, ಬೆಲ್ಲ ಕಲಸಿಕೊಂಡು ಗುಬ್ಬಿಯ ನಮ್ಮ ಮನೆಯ ಅಡಿಗೆಮನೆಯಲ್ಲಿ ಕೂತಿದ್ದೆ. ಬಾಯಿಗೆ ತುತ್ತಿಟ್ಟು ಅಗಿಯುವಾಗ ಬಲಗಡೆ ಕೆಳದವಡೆಯ ಹಲ್ಲು ಅಲ್ಲಾಡಿತು. ಬೆಲ್ಲದ ಹೆಂಟೆ ಸಿಕ್ಕಿರಬೇಕು ಅಂದುಕೊಂಡು ನಾಲಗೆಯಿಂದ ಮುಟ್ಟಿ ನೋಡಿದೆ. ಮತ್ತೆ ಅಲ್ಲಾಡಿತು. ತಟ್ಟೆಯನ್ನು ಹಾಗೇ ಸರಿಸಿ ಗೋಡೆಗೊರಗಿದೆ.

ವಯಸ್ಸಾದವರ ಹಲ್ಲು ಅಲ್ಲಾಡಿದರೆ ಏನು ದೊಡ್ಡದು ಎಂದು ನೀವು ಕೇಳಬಹುದು, ಮಕ್ಕಳೇ. ಇದು ನಾನು ಹುಟ್ಟಿನಿಂದ ಪಡೆದ ಹಲ್ಲಲ್ಲ. ದವಡೆಯ ಮೂಳೆಯೊಳಗೆ ಲೋಹದ ತಿರುಪು ಕೂರಿಸಿ ಅದರ ಮೇಲೆ ಹಲ್ಲಿನ ಟೋಪಿ ಹಾಕುತ್ತಾರಲ್ಲ, ಇಂಪ್ಲಾಂಟ್ ಎನ್ನುತ್ತಾರೆ, ಅದು. ನಿಮ್ಮ ತಾತ ಹಾಕಿಸಿಕೊಟ್ಟದ್ದು. ಅವರು ನನಗೋಸ್ಕರ ಮಾಡಿಸಿದ ಕೊನೆಯ ಕೆಲಸ ಅದು. ಅವರ ಗಡಿಯಾರ ನಿಮ್ಮಪ್ಪನ ಕೈಯಲ್ಲಿದೆ, ಪೂಜೆಯ ತಟ್ಟೆ ನಿಮ್ಮಮ್ಮನ ಹತ್ತಿರ ಇದೆ, ಕಂಬಳಿ ಕುಣಿಗಲ್ಲಿನ ನಿಮ್ಮ ಚಿಕ್ಕಜ್ಜಿಯ ಮನೆ ಸೇರಿತು. ನನ್ನ ಪಾಲಿಗೆ ಅಂತ ಉಳಿದದ್ದು ಬಾಯೊಳಗಿನ ಆ ಹಲ್ಲು. ಅದನ್ನು ಯಾರ ಮುಂದೆಯೂ ಹೇಳಿಕೊಂಡಿರಲಿಲ್ಲ. ಹೇಳಿಕೊಳ್ಳುವಂಥ ಮಾತೂ ಅಲ್ಲವಲ್ಲ.

ಹಾಕಿಸಿದ ಕಥೆಯನ್ನು ಮೊದಲು ಹೇಳುತ್ತೇನೆ. ಊಟವಾದ ಮೇಲೆ ನನಗೂ ನಿಮ್ಮ ತಾತನಿಗೂ ಒಂದೊಂದು ಚೂರು ಕೊಬ್ಬರಿ, ಬೆಲ್ಲ ಬೇಕೇ ಬೇಕಿತ್ತು. ನಮ್ಮದು ತೆಂಗಿನ ತೋಟದ ಮನೆ, ಅಟ್ಟದ ಮೇಲೆ ಕೊಬ್ಬರಿ ಯಾವಾಗಲೂ ಇರುತ್ತಿತ್ತು. ನನ್ನ ದವಡೆ ಹಲ್ಲು ಹುಳುಕಾಗಿ ಕೀಳಿಸಿದ ಮೇಲೆ ಅವರು ನನ್ನ ಪಾಲಿನ ಕೊಬ್ಬರಿಯನ್ನು ಅಡಕತ್ತರಿಯಲ್ಲಿ ಎಲೆಯಷ್ಟು ತೆಳ್ಳಗೆ ಹೆಚ್ಚಿ ಕೊಡುತ್ತಿದ್ದರು. ಒಂದು ದಿನ ಅಡಕತ್ತರಿ ಕೆಳಗಿಟ್ಟು, ತುಮಕೂರಿಗೆ ಹೋಗಿ ಹಲ್ಲು ಹಾಕಿಸೋಣ ಎಂದರು. ನಾನು ಒಪ್ಪಲಿಲ್ಲ.

"ಮುದ್ದೆ ನುಂಗೋರಿಗೆ ಹಲ್ಲ್ಯಾಕ್ರೀ ಬೇಕು, ಸುಮ್ನಿರಿ" ಅಂದೆ.

"ಮುದ್ದೆ ನುಂಗ್ತೀಯ, ಕೊಬ್ರೀನೂ ನುಂಗ್ತೀಯಾ? ನಿನ್ ಬಾಯಿಗೆ ಅಡಕತ್ತರಿ ಆಡ್ಸಿ ಆಡ್ಸಿ ನನ್ ಬೆರಳು ಸವ್ದೋದ್ವು ಕಣೇ."

ನನಗೆ ಆಸ್ಪತ್ರೆ ಎಂದರೆ ಭಯ. ಅದಕ್ಕಿಂತ ಹೆಚ್ಚಾಗಿ ಬೇರೆಯವರ ಎದುರಿಗೆ ಬಾಯಿ ತೆರೆಯುವುದೆಂದರೆ ನಾಚಿಕೆ. ಕುಣಿಗಲ್ ಕಡೆಯ ನಮ್ಮೂರ ಶಾಲೆಯಲ್ಲಿ ಏಳನೇ ಕ್ಲಾಸು ಓದುವಾಗಲೂ ಮೇಷ್ಟ್ರು ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದರೂ ತಲೆ ತಗ್ಗಿಸಿ ನಿಲ್ಲುತ್ತಿದ್ದೆ. ಮದುವೆಯಾಗಿ ಗುಬ್ಬಿಗೆ ಬಂದ ಮೇಲೆ ನಗುವಾಗಲೂ ಸೆರಗು ಅಡ್ಡ ಹಿಡಿಯುವುದು ಅಭ್ಯಾಸವಾಯಿತು. ಪುಣ್ಯಕ್ಕೆ ತುಮಕೂರಿನ ಆ ಡಾಕ್ಟರು ಹೆಣ್ಣುಮಗಳು. ನಿಮ್ಮಮ್ಮನ ವಯಸ್ಸಿರಬಹುದು.

ಆಕೆ ನನ್ನ ದವಡೆಯ ಎಕ್ಸ್‌ರೇಯನ್ನು ಕಂಪ್ಯೂಟರಿನಲ್ಲಿ ತೋರಿಸಿದಾಗ ನಾನು ಕಣ್ಣು ಮುಚ್ಚಿಕೊಂಡೆ. ಬದುಕಿರುವವರು ತಮ್ಮ ತಲೆಬುರುಡೆಯನ್ನು ನೋಡಬಾರದು ಅನ್ನಿಸಿತು. ಮೂಳೆಗೆ ರಂಧ್ರ ಕೊರೆದು ತಿರುಪು ಕೂರಿಸುತ್ತೇವೆ ಎಂದಾಗ ನಮ್ಮ ಬೀದಿಯ ಬಡಗಿ ಬಾಗಿಲಿಗೆ ಚಿಲಕ ಜಡಿಯುವುದು ಕಣ್ಣ ಮುಂದೆ ಬಂತು. ಎದ್ದು ಹೋಗಬೇಕೆಂದಿದ್ದೆ. ನಿಮ್ಮ ತಾತ ನನ್ನ ಮಣಿಕಟ್ಟು ಹಿಡಿದುಕೊಂಡೇ ಡಾಕ್ಟರನ್ನು ಕೇಳಿದರು: ಇದು ಎಷ್ಟು ವರ್ಷ ಬಾಳಿಕೆ ಬರುತ್ತದೆ? ಬೋರ್‌ವೆಲ್ಲಿನ ಮೋಟರಿಗೆ ವಾರಂಟಿ ಕೊಡುತ್ತಾರಲ್ಲ, ಹಾಗೆ ಇದಕ್ಕೂ ಇದೆಯಾ?

ಡಾಕ್ಟರಮ್ಮ ನಕ್ಕರು. "ಮೋಟ್ರು ಅಂತಾನೇ ಇಟ್ಕೊಳ್ಳಿ ಯಜಮಾನ್ರೇ. ಸರ್ವೀಸ್ ಮಾಡಿಸ್ದೇ ಹೋದ್ರೆ ಎಂಥಾ ಮೋಟ್ರಾದ್ರೂ ಸುಟ್ಟೋಗ್ತದೆ."

ಆಮೇಲೆ ಬಿಡಿಸಿ ಹೇಳಿದರು. ಒಳಗಿನ ತಿರುಪು ಬೇರಿದ್ದಂತೆ. ವಸಡು, ಮೂಳೆ ಗಟ್ಟಿಯಾಗಿದ್ದರೆ ಅದು ಹಲವರಿಗೆ ಜೀವನಪೂರ್ತಿ ಇರುತ್ತದೆ. ಮೇಲಿನ ಟೋಪಿ ಅಗಿದು ಅಗಿದು ಸವೆಯುತ್ತದೆ, ಹತ್ತು ಹದಿನೈದು ವರ್ಷಕ್ಕೆ ಬದಲಾಯಿಸಬೇಕಾಗಬಹುದು. ಆದರೆ ಇಂತಿಷ್ಟೇ ವರ್ಷ ಎಂದು ಯಾರೂ ಬರೆದುಕೊಡಲಾರರು. ಬೀಡಿ, ಹೊಗೆಸೊಪ್ಪು ಇದ್ದವರಿಗೆ, ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರಿಗೆ, ನಿದ್ದೆಯಲ್ಲಿ ಹಲ್ಲು ಕಡಿಯುವವರಿಗೆ ಬೇಗ ಕೆಡುತ್ತದೆ. ಮೆತ್ತನೆಯ ಬ್ರಷ್ಷಿನಲ್ಲಿ ದಿನಕ್ಕೆ ಎರಡು ಸಲ ಉಜ್ಜಬೇಕು, ಹಲ್ಲಿನ ಸಂದಿಯಲ್ಲಿ ದಾರ ಆಡಿಸಬೇಕು, ಆರು ತಿಂಗಳಿಗೊಮ್ಮೆ ಬಂದು ತೋರಿಸಬೇಕು. ನಾನು ಎಲ್ಲದಕ್ಕೂ ತಲೆಯಾಡಿಸಿದೆ. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ತಿರುಪು ಕೂರಿಸಿ, ಮೂಳೆ ಅದನ್ನು ಹಿಡಿದುಕೊಳ್ಳಲೆಂದು ಕೆಲವು ತಿಂಗಳು ಬಿಟ್ಟು, ಕೊನೆಗೆ ಟೋಪಿ ಹಾಕಿದರು. ಆ ದಿನ ಬಸ್ಸಿನಲ್ಲಿ ವಾಪಸು ಬರುವಾಗ ನಿಮ್ಮ ತಾತ ನನ್ನ ಕೆನ್ನೆಯ ಕಡೆ ನೋಡಿ ಮೆಲ್ಲಗೆ ಹೇಳಿದರು:

"ನಾನು ಹೋದ್ರೂ ಈ ಹಲ್ಲು ಇರ್ತದೆ ಕಣೇ."

ಬಿಡ್ತು ಅನ್ನಿ ಎಂದು ಗದರಿಸಿದೆ. ಅವರು ಅನ್ನಲಿಲ್ಲ. ಕಿಟಕಿಯ ಕಡೆ ತಿರುಗಿ ನಗುತ್ತಿದ್ದರು. ಮುಂದಿನ ಮಾಗಿಯಲ್ಲಿ ಹೋಗಿಬಿಟ್ಟರು. ತೋಟದಿಂದ ಬಂದು ನೀರು ಕೊಡು ಎಂದವರು ನಾನು ಚೊಂಬು ಹಿಡಿದು ಬರುವಷ್ಟರಲ್ಲಿ ಇರಲಿಲ್ಲ. ಅದನ್ನು ಇನ್ನು ಬರೆಯಲಾರೆ.

ಆಮೇಲೆ ಆ ಹಲ್ಲನ್ನು ನಾನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡೆ. ಅಡಿಕೆ ಹಾಕುವುದನ್ನು ಬಿಟ್ಟೆ. ಇದ್ದಿಲು, ಬೂದಿ ಬಿಟ್ಟು ಬ್ರಷ್ ಹಿಡಿದೆ. ಕ್ಲಿನಿಕ್ಕಿನಲ್ಲಿ ಕೊಟ್ಟಿದ್ದ ಪುಟ್ಟ ಡಬ್ಬಿಯಿಂದ ಬಿಳಿ ದಾರ ಎಳೆದು, ಬಚ್ಚಲಿನ ಬಾಗಿಲು ಹಾಕಿಕೊಂಡು, ಹೇಳಿಕೊಟ್ಟ ಹಾಗೆ ಹಲ್ಲಿನ ಸುತ್ತ ಆಡಿಸುತ್ತಿದ್ದೆ. ಡಬ್ಬಿ ಖಾಲಿಯಾಯಿತು. ನಿಮ್ಮಪ್ಪ ಇಲ್ಲಿನ ಮೆಡಿಕಲ್ ಅಂಗಡಿಯಲ್ಲಿ ಕೇಳಿದಾಗ ಇಲ್ಲ, ತುಮಕೂರಿನಲ್ಲೇ ಸಿಗುತ್ತದೆ ಎಂದರಂತೆ. ತಂದುಕೊಡುತ್ತೇನೆ ಎಂದ. ಅವನಿಗೆ ಕೆಲಸದ ಗಡಿಬಿಡಿಯಲ್ಲಿ ಮರೆತುಹೋಯಿತು. ಹಲ್ಲಿಗೆ ದಾರ ತಾ ಎಂದು ಮಗನಿಗೆ ಎರಡನೇ ಸಲ ಹೇಳಲು ನನಗೆ ನಾಚಿಕೆಯಾಯಿತು.

ನಾನು ಹೂ ಕಟ್ಟುವುದನ್ನು ನೀವು ನೋಡಿದ್ದೀರಿ. ಹಿತ್ತಲಿನ ಬಾಳೆಯ ಪಟ್ಟೆಯನ್ನು ಒಣಗಿಸಿ, ಬೇಕಾದಾಗ ನೀರಿನಲ್ಲಿ ನೆನೆಸಿ, ಉಗುರಿನಿಂದ ಸೀಳಿ ನಾರು ತೆಗೆಯುತ್ತೇನೆ. ತಾತ ಹೋದ ಮೇಲೆ ನಾನು ಹೂ ಮುಡಿಯುವುದಿಲ್ಲ. ಆದರೆ ದೇವರಿಗೂ ನಿಮ್ಮಮ್ಮನಿಗೂ ದಿನಾ ಕಟ್ಟುತ್ತೇನೆ. ಒಂದು ಬೆಳಿಗ್ಗೆ ಕನಕಾಂಬರ ಕಟ್ಟಿ ಮುಗಿಸಿ ಎದ್ದಾಗ ತಟ್ಟೆಯಲ್ಲಿ ಒದ್ದೆ ನಾರು ಮಿಕ್ಕಿತ್ತು. ಕೂದಲಿನಷ್ಟು ತೆಳು, ಎಳೆದರೆ ಹರಿಯದಷ್ಟು ಗಟ್ಟಿ. ಅಂಗಡಿಯ ದಾರಕ್ಕಿಂತ ಇದೇ ಶುದ್ಧ, ದೇವರ ಮಾಲೆಗೆ ಆಗುವುದು ನನ್ನ ಹಲ್ಲಿಗೆ ಆಗದೇ ಅನ್ನಿಸಿತು. ಅವತ್ತಿನಿಂದ ದಿನಾ ಅದೇ ನಾರು. ಒಳ್ಳೆಯ ಉಪಾಯ ಹೊಳೆಯಿತೆಂದು ಒಳಗೊಳಗೇ ಹೆಮ್ಮೆಯೂ ಇತ್ತು.

ತೋರಿಸಲು ಹೋಗುವುದಂತೂ ನಿಂತೇಹೋಗಿತ್ತು. ಮೊದಲು ಕರೆದುಕೊಂಡು ಹೋಗುತ್ತಿದ್ದವರೇ ಇರಲಿಲ್ಲ. ನೋವೂ ಇರಲಿಲ್ಲ. ಲೋಹಕ್ಕೆ ಹುಳುಕು ಹಿಡಿಯುತ್ತದೆಯೇ, ತೋರಿಸುವುದೇನಿದೆ ಅಂದುಕೊಂಡೆ. ನಡುವೆ ಯಾವಾಗಲೋ ಉಜ್ಜುವಾಗ ವಸಡಿನಲ್ಲಿ ರಕ್ತ ಕಂಡಿತು. ಉಷ್ಣ ಜಾಸ್ತಿಯಾಗಿದೆ ಎಂದು ಎಳನೀರು ಕುಡಿದೆ, ಮಜ್ಜಿಗೆಗೆ ಮೆಂತ್ಯ ಹಾಕಿಕೊಂಡೆ. ಬಾಯಲ್ಲಿ ಒಂಥರಾ ಕೆಟ್ಟ ರುಚಿ ಬರುತ್ತಿತ್ತು, ಅದಕ್ಕೆ ಲವಂಗ ಕಚ್ಚಿಕೊಂಡೆ. ಹೀಗೆ ನಡೆಯುತ್ತಿರುವಾಗಲೇ ಆ ಅವಲಕ್ಕಿಯ ಬೆಳಿಗ್ಗೆ ಹಲ್ಲು ಅಲ್ಲಾಡಿದ್ದು.

ಮನೆಯಲ್ಲಿ ಹೇಳಲಿಲ್ಲ. ಎಡಗಡೆಯೇ ಅಗಿಯುತ್ತಾ ಕೆಲವು ದಿನ ಕಳೆದೆ. ನಿಮ್ಮ ಚಿಕ್ಕಜ್ಜಿಗೆ ಮಾತ್ರ ಫೋನ್ ಮಾಡಿದೆ. ಅವಳು ನನ್ನ ತಂಗಿಯಾದರೂ ನನ್ನಂತೆ ಅಲ್ಲ, ಕುಣಿಗಲ್ ಪೇಟೆಯಲ್ಲಿ ನಿಂತು ಯಾರನ್ನು ಬೇಕಾದರೂ ಮಾತಾಡಿಸುತ್ತಾಳೆ. ಸಮಾಧಾನ ಹೇಳುತ್ತಾಳೆ ಅಂದುಕೊಂಡಿದ್ದೆ.

"ತಿರುಪಿನ್ ಹಲ್ಲು ಅಲ್ಲಾಡ್ತು ಅಂದ್ರೆ ಮುಗೀತು ಬುಡಕ್ಕ" ಅಂದಳು. "ನಮ್ ಬೀದೀಲಿ ಒಬ್ರಿಗೆ ಬೇರು ಸಮೇತ ಕಿತ್ತು ಕಾಗದದಲ್ಲಿ ಸುತ್ತಿ ಕೈಗೆ ಕೊಟ್ರಂತೆ."

ಆಮೇಲೆ ಅವಳೇ ದನಿ ತಗ್ಗಿಸಿ, ಯಡಿಯೂರಿನ ದೇವರಿಗೆ ಒಂದು ಹರಕೆ ಕಟ್ಟಿಕೋ ಎಂದಳು. ಹರಕೆ ಕಟ್ಟಿಕೊಂಡರೆ ಹಲ್ಲು ನಿಲ್ಲುತ್ತದಾ ಎಂದು ಕೇಳಿದೆ.

"ಹಲ್ಲು ನಿಲ್ತದೋ ಇಲ್ವೋ, ಡಾಕ್ಟ್ರ ಮುಂದೆ ಬಾಯಿ ಬುಡೋ ಧೈರ್ಯನಾದ್ರೂ ನಿಂಗೆ ಬರ್ತದೆ."

ಹರಕೆ ಕಟ್ಟಿಕೊಂಡೆನೋ ಇಲ್ಲವೋ ನೆನಪಿಲ್ಲ. ಆದರೆ ಮಾರನೇ ದಿನ ಊಟಕ್ಕೆ ಕೂತಾಗ ನಿಮ್ಮಮ್ಮ, ಯಾಕತ್ತೆ ಒಂದೇ ಕಡೆ ಅಗಿಯುತ್ತೀರಿ ಎಂದು ಕೇಳಿದಳು. ಕಾಗದದಲ್ಲಿ ಸುತ್ತಿದ ಹಲ್ಲು ಕಣ್ಣಿಗೆ ಕಟ್ಟಿತು. ತಡೆಯಲಾಗದೆ ಹೇಳಿಬಿಟ್ಟೆ. ಅವಳು ಬೈಯಲಿಲ್ಲ. ಎದ್ದು ಕೈ ತೊಳೆದುಕೊಂಡು ಕ್ಲಿನಿಕ್ಕಿಗೆ ಫೋನ್ ಮಾಡಿದಳು.

ಅದೇ ಡಾಕ್ಟರಮ್ಮ. ಕನ್ನಡಕ ಬಂದಿತ್ತು. ಯಜಮಾನರು ಬರಲಿಲ್ಲವೇ ಎಂದು ಕೇಳಿದರು. ನಿಮ್ಮಮ್ಮ ಸಣ್ಣ ದನಿಯಲ್ಲಿ ಏನೋ ಹೇಳಿದಳು. ಆಕೆ ನನ್ನನ್ನು ಕುರ್ಚಿಯಲ್ಲಿ ಒರಗಿಸಿ, ಮುಂದಿನದನ್ನು ನೇರವಾಗಿ ಹೇಳಿದರು. ಅಲ್ಲಾಡುತ್ತಿರುವುದು ಒಳಗಿನ ಬೇರಾದರೆ ಮೂಳೆ ಕೈಬಿಟ್ಟಿದೆ ಎಂದು ಅರ್ಥ, ತೆಗೆದುಹಾಕದೆ ದಾರಿಯಿಲ್ಲ. ಮೇಲಿನ ಟೋಪಿಯನ್ನು ಹಿಡಿದಿರುವ ಸಣ್ಣ ಸ್ಕ್ರೂ ಸಡಿಲವಾಗಿದ್ದರೆ ಬಿಗಿ ಮಾಡಬಹುದು. ಬಿಚ್ಚಿ ನೋಡಿದರೆ ಗೊತ್ತಾಗುತ್ತದೆ.

ಬಿಚ್ಚಲು ಶುರುಮಾಡಿದರು. ನಾನು ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ಮೇಲಿನ ದೀಪವನ್ನೇ ನೋಡುತ್ತಿದ್ದೆ. ಟೋಪಿ ಕೈಗೆ ಬಂತು. ಅದನ್ನು ಬಟ್ಟಲಿನಲ್ಲಿಟ್ಟ ಸದ್ದು ಕೇಳಿಸಿತು. ಆಮೇಲೆ ಆಕೆ ಬಗ್ಗಿದವರು ಹಾಗೇ ನಿಂತರು. ಸಣ್ಣ ಚಿಮಟ ಕೇಳಿ ತೆಗೆದುಕೊಂಡರು. ವಸಡಿನ ಒಳಗಿನಿಂದ ಏನನ್ನೋ ಮೆಲ್ಲಗೆ ಎಳೆಯತೊಡಗಿದರು. ನನಗೆ ನೋವಾಗಲಿಲ್ಲ, ಎಳೆಯುತ್ತಿದ್ದಾರೆ ಎಂಬುದಷ್ಟೇ ತಿಳಿಯುತ್ತಿತ್ತು. ಚಿಮಟದ ತುದಿಯನ್ನು ದೀಪಕ್ಕೆ ಹಿಡಿದರು. ಕಂದುಬಣ್ಣದ ಎಳೆ, ರಕ್ತ ಕೀವು ಮೆತ್ತಿಕೊಂಡಿತ್ತು. ಅದರ ಹಿಂದೆ ಇನ್ನೊಂದು, ಮತ್ತೂ ಒಂದು.

"ಇದೇನಮ್ಮ ಇದು?"

ನನಗೆ ನೋಡಿದ ಕೂಡಲೇ ಗೊತ್ತಾಯಿತು. ನಿಮ್ಮಮ್ಮ ಹತ್ತಿರ ಬಂದು ಬಗ್ಗಿ ನೋಡಿದಳು.

"ಅತ್ತೆ, ಇದು ಹೂ ಕಟ್ಟೋ ನಾರಲ್ವಾ?"

ಆ ಕೋಣೆಯಲ್ಲಿ ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಆ ಹಲ್ಲಿನ ಮೇಲೆ ಯಾರ ಕಣ್ಣೂ ಬೀಳದಂತೆ ಕಾಪಾಡಿಕೊಂಡು ಬಂದಿದ್ದೆ, ಅದಕ್ಕಾಗಿ ನಾಲಗೆಗೆ ಹತ್ತಿದ ಅಡಿಕೆಯನ್ನೂ ಬಿಟ್ಟಿದ್ದೆ. ಅದರ ಬುಡಕ್ಕೆ ದಿನಾ ಬೆಳಿಗ್ಗೆ ಸ್ನಾನ ಮಾಡಿ ಮಡಿಯಲ್ಲಿ ಕೂತು ಕೇಡು ತುಂಬಿದವಳು ನಾನೇ. ಆಕೆ ಏನೋ ಹೇಳುತ್ತಿದ್ದರು, ಕಿವಿಗೆ ಬೀಳಲು ಸ್ವಲ್ಪ ಹೊತ್ತು ಹಿಡಿಯಿತು.

ಡಾಕ್ಟರಮ್ಮ ಹೇಳಿದ್ದು ಇದು. ಬಾಳೆನಾರು ಹೊರಗೆ ನುಣುಪಾಗಿ ಕಂಡರೂ ಲೋಹದ ಅಂಚಿಗೆ ಉಜ್ಜಿದಾಗ ಎಳೆ ಎಳೆಯಾಗಿ ಬಿಡುತ್ತದೆ. ಬಿಟ್ಟ ಎಳೆ ವಸಡಿನ ಕೆಳಗೆ ಸೇರಿ ಕೊಳೆಯುತ್ತದೆ. ಹುಟ್ಟಿದ ಹಲ್ಲನ್ನು ವಸಡು ಬಿಗಿಯಾಗಿ ಕಚ್ಚಿ ಹಿಡಿದಿರುತ್ತದೆ. ಇಂಪ್ಲಾಂಟನ್ನು ಅಷ್ಟು ಬಿಗಿಯಾಗಿ ಹಿಡಿಯುವುದಿಲ್ಲ, ಆದ್ದರಿಂದ ಕೊಳೆ ಸುಲಭವಾಗಿ ಕೆಳಗಿಳಿಯುತ್ತದೆ. ಲೋಹಕ್ಕೆ ಹುಳುಕು ಬರುವುದಿಲ್ಲ ಎಂಬುದು ನಿಜ. ಆದರೆ ಅದರ ಸುತ್ತಲಿನ ವಸಡು, ಮೂಳೆ ನಮ್ಮದೇ ತಾನೇ, ಅವು ಕೊಳೆಯುತ್ತವೆ. ತಿರುಪಿಗೆ ನರವಿಲ್ಲ. ಹಾಗಾಗಿ ಒಳಗೆ ಎಷ್ಟು ಕೆಟ್ಟರೂ ಹಲ್ಲುನೋವಿನ ಹಾಗೆ ಕೂಗಿ ಹೇಳುವುದಿಲ್ಲ.

"ನೋವಿಲ್ಲ ಅಂತ ಸುಮ್ನಾಗೋದೇ ಇದ್ರಲ್ಲಿ ಮೋಸ ಅಮ್ಮ. ರಕ್ತ ಬಂತಲ್ಲ, ಅದೇ ಅದರ ಮಾತು."

ನಾನು ಆ ಮಾತಿಗೆ ಎಳನೀರು ಕುಡಿದಿದ್ದೆ.

ಇಷ್ಟಾದರೂ ಬೇರು ನಿಂತಿದೆಯೋ ಇಲ್ಲವೋ ಆಕೆ ಇನ್ನೂ ಹೇಳಿರಲಿಲ್ಲ. ವಸಡನ್ನೆಲ್ಲ ತೊಳೆದು, ಒಂದು ಉಪಕರಣದ ಹಿಡಿಕೆಯಿಂದ ತಿರುಪಿನ ತಲೆಗೆ ಮೆಲ್ಲಗೆ ತಟ್ಟಿದರು. ನಾವು ತೆಂಗಿನಕಾಯಿಯನ್ನು ಬೆರಳಿನಿಂದ ತಟ್ಟಿ ಬಲಿತಿದೆಯೋ ಇಲ್ಲವೋ ನೋಡುತ್ತೇವಲ್ಲ, ಹಾಗೆ. ನನ್ನ ತಲೆಯೊಳಗೆ ಟಣ್ ಎಂದಿತು. ಇನ್ನೊಮ್ಮೆ ತಟ್ಟಿದರು. ಹಿಡಿದು ಆ ಕಡೆ ಈ ಕಡೆ ಒತ್ತಿ ನೋಡಿದರು.

"ಬೇರು ಅಲ್ಲಾಡ್ತಿಲ್ಲ" ಅಂದರು. ಸಡಿಲವಾಗಿದ್ದದ್ದು ಟೋಪಿಯ ಸ್ಕ್ರೂ ಮಾತ್ರ.

ಆದರೆ ಎಕ್ಸ್‌ರೇ ತೋರಿಸಿದಾಗ ಈ ಸಲ ಕಣ್ಣು ಮುಚ್ಚದೆ ನೋಡಿದೆ. ಮಳೆನೀರು ಹರಿದು ತೆಂಗಿನ ಮರದ ಬುಡದ ಮಣ್ಣು ಕೊಚ್ಚಿಹೋದರೆ ಬೇರು ಹೊರಗೆ ಕಾಣುತ್ತದಲ್ಲ, ತಿರುಪಿನ ಸುತ್ತ ಮೂಳೆ ಹಾಗೇ ಕುಳಿಬಿದ್ದಿತ್ತು. ತಿರುಪಿನ ಮೇಲಿನ ಸುತ್ತುಗಳು ಬರಿದಾಗಿದ್ದವು. ಹೋದ ಮೂಳೆ ತಾನಾಗಿ ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಬೇಕು, ಇನ್ನೂ ಕೆಲವು ತಿಂಗಳು ತಡೆದಿದ್ದರೆ ಇದೂ ಇರುತ್ತಿರಲಿಲ್ಲ ಎಂದರು. ವಸಡು ಬಿಡಿಸಿ ಒಳಗೆ ಸ್ವಚ್ಛ ಮಾಡಿದರು. ಆಮೇಲೂ ಒಂದೆರಡು ಸಲ ಹೋಗಬೇಕಾಯಿತು.

ಟೋಪಿಯನ್ನು ಮತ್ತೆ ಹಾಕುವ ಮುಂಚೆ ಅದನ್ನು ತೊಳೆದು ನನ್ನ ಅಂಗೈ ಮೇಲಿಟ್ಟರು. ನಾನು ಇಷ್ಟು ದಿನ ನಿಮ್ಮ ತಾತನ ನೆನಪು ಎಂದು ನಾಲಗೆಯಿಂದ ಮುಟ್ಟಿ ನೋಡುತ್ತಿದ್ದದ್ದು ಅದನ್ನೇ. ಸಾಬಕ್ಕಿ ಸಂಡಿಗೆಯಷ್ಟು ಹಗುರವಾಗಿತ್ತು. ಒಂದು ಮೂಲೆ ಸವೆದಿತ್ತು. ಇದು ಬರೀ ಮೇಲಿನ ಟೋಪಿ, ಇವತ್ತಲ್ಲ ನಾಳೆ ಬದಲಾಯಿಸಲೇಬೇಕು, ನಿಮಗೆ ಬೇಕಾದದ್ದು ಮೂಳೆಯಲ್ಲಿರುವ ಬೇರು, ಅದನ್ನು ನೋಡಿಕೊಳ್ಳಿ ಎಂದರು. ನಾನು ಅಂಗೈ ಮೇಲಿನದನ್ನು ನೋಡುತ್ತಲೇ ಇದ್ದೆ. ಅವರು ಕೊಟ್ಟದ್ದು ಇದಲ್ಲ, ಕಣ್ಣಿಗೆ ಕಾಣದ್ದು ಎಂದು ನಂಬಲು ಸ್ವಲ್ಪ ಹೊತ್ತು ಬೇಕಾಯಿತು.

ಅವತ್ತು ನಾನು ಜೀವನದಲ್ಲಿ ಮೊದಲ ಸಲ ಡಾಕ್ಟರಿಗೆ ಪ್ರಶ್ನೆ ಕೇಳಿದೆ. ಒಂದಾದ ಮೇಲೆ ಒಂದು. ನಿಮ್ಮಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ದಾರ ಸಿಗದಿದ್ದರೆ ಏನು ಮಾಡಲಿ ಎಂದೆ. ಸೀಸೆ ತೊಳೆಯುವ ಬ್ರಷ್ಷಿನಂಥ, ಬೆಂಕಿಕಡ್ಡಿಗಿಂತ ಸಣ್ಣ ಬ್ರಷ್ ತೋರಿಸಿದರು. ಹಲ್ಲಿನ ಸಂದಿಯಲ್ಲಿ ಅದನ್ನು ಮೆಲ್ಲಗೆ ಆಡಿಸಬೇಕು, ಎಳೆ ಬಿಡುವುದಿಲ್ಲ. ಉಪ್ಪು, ಇದ್ದಿಲು ಹಾಕಿ ತಿಕ್ಕಬಹುದೇ ಎಂದೆ. ಬೇಡ, ಗೀರು ಬೀಳುತ್ತದೆ, ಗೀರಿನಲ್ಲಿ ಕೊಳೆ ಕೂರುತ್ತದೆ. ಕೊಬ್ಬರಿ ತಿನ್ನಬಹುದೇ ಎಂದೆ. ವಸಡು ಮಾಗಿದ ಮೇಲೆ ಸಣ್ಣಗೆ ಹೆಚ್ಚಿಕೊಂಡು ತಿನ್ನಿ, ಆದರೆ ಕಬ್ಬನ್ನಾಗಲೀ ಅಡಿಕೆಯನ್ನಾಗಲೀ ಅದರಲ್ಲಿ ಕಚ್ಚಬೇಡಿ ಎಂದರು. ನಾರನ್ನು ಹಲ್ಲಿನಿಂದ ಕಚ್ಚಿ ತುಂಡು ಮಾಡುವ ಅಭ್ಯಾಸವಿದೆಯೇ ಎಂದು ಆಕೆಯೇ ಕೇಳಿದರು. ಇತ್ತು. ಹೂ ಕಟ್ಟುವವರಲ್ಲಿ ಯಾರಿಗಿಲ್ಲ? ಅದನ್ನೂ ಬಿಡಿ ಎಂದರು. ಮೂರು ತಿಂಗಳಿಗೊಮ್ಮೆ ಬರಬೇಕು, ನೋವಿಲ್ಲದಿದ್ದರೂ ಬರಬೇಕು.

ಹೋದೆ. ಮೊದಲ ಸಲ ಹೋಗುವ ಹಿಂದಿನ ದಿನ ಊಟ ಸೇರಲಿಲ್ಲ. ಎಕ್ಸ್‌ರೇಯಲ್ಲಿ ಕುಳಿ ಹಾಗೇ ಇತ್ತು, ದೊಡ್ಡದಾಗಿರಲಿಲ್ಲ. ಅದರ ಮುಂದಿನ ಸಲವೂ ಹಾಗೇ. ವಸಡು ಬಿಗಿದು ಗುಲಾಬಿ ಬಣ್ಣಕ್ಕೆ ತಿರುಗಿದೆ, ರಕ್ತ ಇಲ್ಲ ಎಂದರು. ಅವತ್ತು ಎದ್ದು ಹೊರಡುವ ಮುಂಚೆ, ನಿಮ್ಮ ತಾತ ಕೇಳಿದ್ದನ್ನೇ ನಾನೂ ಕೇಳಿದೆ. ಇನ್ನು ಎಷ್ಟು ವರ್ಷ ಬರುತ್ತದೆ?

ಆಕೆ ಕೈಗವಸು ಕಳಚುತ್ತಾ ಹೇಳಿದರು, ಹೀಗೇ ನೋಡಿಕೊಂಡರೆ ನಿಮ್ಮ ಜೊತೆ ಬರಬಹುದು, ಗ್ಯಾರಂಟಿ ಮಾತ್ರ ಕೊಡಲಾರೆ. ನನ್ನ ಜೊತೆ ಎಂದರೆ ಎಲ್ಲಿಯವರೆಗೆ ಎಂದೆ. ಆಕೆಗೆ ಅರ್ಥವಾಗಲಿಲ್ಲ. ಆ ಲೋಹ ಮಣ್ಣಿನಲ್ಲಿ ತುಕ್ಕು ಹಿಡಿಯುತ್ತದೆಯೇ ಎಂದು ಬಿಡಿಸಿ ಕೇಳಿದೆ. ಇಲ್ಲಮ್ಮ, ಅದು ತುಕ್ಕು ಹಿಡಿಯುವ ಜಾತಿಯಲ್ಲ, ಯಾಕೆ ಕೇಳುತ್ತಿದ್ದೀರಿ ಎಂದರು.

ನಮ್ಮಲ್ಲಿ ಸುಡುವುದಿಲ್ಲ, ಮಣ್ಣು ಮಾಡುತ್ತಾರೆ. ನಿಮ್ಮ ತಾತನ ಸಮಾಧಿ ತೋಟದ ಮೂಲೆಯಲ್ಲಿದೆ, ಪಕ್ಕದಲ್ಲಿ ನನಗೆ ಜಾಗ ಬಿಟ್ಟಿದ್ದಾರೆ. ನಾನು ಅಲ್ಲಿಗೆ ಹೋದ ಮೇಲೆ ಮೈ ಕರಗುತ್ತದೆ, ಟೋಪಿ ಉದುರುತ್ತದೆ, ಬೇರು ಇರುತ್ತದೆ. ಅವರು ಬಸ್ಸಿನಲ್ಲಿ ಹೇಳಿದ ಮಾತು ಅವರು ಅಂದುಕೊಂಡದ್ದಕ್ಕಿಂತ ದೂರ ಹೋಯಿತು. ಇದನ್ನು ಬಸ್ಸಿನಲ್ಲಿ ವಾಪಸು ಬರುವಾಗ ನಿಮ್ಮಮ್ಮನಿಗೆ ಹೇಳಿದೆ. ಅವಳು ಬೆಚ್ಚಿ ನನ್ನ ಕೈ ಹಿಡಿದಳು.

"ಬಿಡ್ತು ಅನ್ನಿ ಅತ್ತೆ."

ನನಗೆ ನಗು ಬಂತು. ಸೆರಗು ಅಡ್ಡ ಹಿಡಿಯುವುದು ಮರೆತೇಹೋಯಿತು. ಅವಳು ಇನ್ನೊಮ್ಮೆ ಅನ್ನಿ ಎಂದಳು. ನಾನು ಕಿಟಕಿಯ ಕಡೆ ತಿರುಗಿ, ಗುಬ್ಬಿಯಲ್ಲಿ ಇಳಿದ ಕೂಡಲೇ ಅಂಗಡಿಗೆ ಹೋಗೋಣ, ಹೂ ಕಟ್ಟುವಾಗ ನಾರು ಕತ್ತರಿಸಲು ನನಗೊಂದು ಪುಟ್ಟ ಕತ್ತರಿ ಬೇಕು ಅಂದೆ.